ಹಿಮ ಕಟ್ಟದ ಸಿಲಿಂಡರ್

ಆಕೆಯ ಕೆಲಸ ತೂಕ ಹಾಕುವುದು. ಇಲಾಖೆಯ ಕಾಗದಗಳಲ್ಲಿ ಅವಳ ಹುದ್ದೆಗೆ ಗೇಣುದ್ದದ ಹೆಸರಿತ್ತು. ಹಳೇ ಫ್ರಿಜ್ಜು ಬಿಚ್ಚುವ ಶೆಡ್ಡುಗಳಲ್ಲಿ ಆ ಹೆಸರು ಯಾರ ನಾಲಿಗೆಯ ಮೇಲೂ ಹೊರಳದೆ ಎಲ್ಲರೂ ಅವಳನ್ನು ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು. ತಿಂಗಳಿಗೊಂದು ಸಲ, ಒಂದು ಕೈಯಲ್ಲಿ ತೂಕದ ಯಂತ್ರದ ಪೆಟ್ಟಿಗೆ, ಇನ್ನೊಂದರಲ್ಲಿ ಫೈಲು ಹಿಡಿದು ಬರುವಳು. ಚಹಾ ಕೊಟ್ಟರೆ ಬೇಡ, ಕುರ್ಚಿ ಹಾಕಿದರೆ ಬೇಡ. ಹದಿನೇಳು ವರ್ಷದ ನೌಕರಿಯಲ್ಲಿ ಒಂದು ಗ್ರಾಂ ಅತ್ತ ಇತ್ತ ಬರೆದವಳಲ್ಲ ಎಂಬ ಹೆಸರು ಗಳಿಸಿದ್ದಳು. ಆ ಹೆಸರೇ ಕೊನೆಗೆ ಇನ್ನೊಬ್ಬರ ಕುತ್ತಿಗೆಗೆ ಬಂತು.

ಸರ್ಕಾರದ ಯೋಜನೆ ಕೇಳುವುದಕ್ಕೆ ಸರಳವಾಗಿತ್ತು. ಜನ ಹಳೇ ಫ್ರಿಜ್ಜು ವಾಪಸು ಕೊಟ್ಟರೆ ಕಂಪನಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡಬೇಕು. ಹಳೆಯದು ಶೆಡ್ಡಿಗೆ ಬರುತ್ತದೆ. ಶೆಡ್ಡಿನವರು ಮೊದಲು ಅದರ ಹೊಟ್ಟೆಯಲ್ಲಿರುವ ಗ್ಯಾಸನ್ನು ಪಂಪಿನಿಂದ ಎಳೆದು ಸಿಲಿಂಡರಿಗೆ ತುಂಬಬೇಕು. ಆಮೇಲೆ ತಗಡು, ತಾಮ್ರ, ಪ್ಲಾಸ್ಟಿಕ್ಕು ಬೇರೆ ಮಾಡಿ ಕಾರ್ಖಾನೆಗೆ ಹಿಂದಿರುಗಿಸಬೇಕು. ಹಳೇ ತಗಡು ಕರಗಿಸಿ ಹೊಸ ಫ್ರಿಜ್ಜು ಮಾಡಿದಷ್ಟೂ ಕಲ್ಲಿದ್ದಲು ಉಳಿಯಿತು, ಹೊಗೆ ಕಡಿಮೆಯಾಯಿತು. ಆದರೆ ಆ ಗ್ಯಾಸು ಭೂಮಿಯ ಬಿಸಿ ಏರಿಸುವ ಮಹಾ ಕೇಡಿಗ. ಅದನ್ನು ಗಾಳಿಗೆ ಬಿಟ್ಟುಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದಕ್ಕೇ ಸರ್ಕಾರ ಸಬ್ಸಿಡಿ ಕೊಡುತ್ತಿದ್ದದ್ದು ಬಿಚ್ಚಿದ ಫ್ರಿಜ್ಜಿಗಲ್ಲ, ಹಿಡಿದ ಗ್ಯಾಸಿಗೆ. ಫ್ರಿಜ್ಜಿಗೆ ಸರಾಸರಿ ಎಷ್ಟು ಗ್ರಾಂ ಹಿಡಿದರು ಎಂದು ಅಳೆದು ಸಹಿ ಹಾಕುವುದು ತಕ್ಕಡಿಯಮ್ಮನ ಪಾಲಿಗೆ ಬಂದಿತ್ತು.

ಅವಳ ಕೈಕೆಳಗೆ ಮೂರು ಶೆಡ್ಡು. ಕಾಲುವೆ ರಸ್ತೆಯದು ದೊಡ್ಡದು. ಮೂವತ್ತು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಮಾಲೀಕ ಬೇರೆಲ್ಲೋ ಇದ್ದುಕೊಂಡು ಫೋನಿನಲ್ಲೇ ಆಳುತ್ತಿದ್ದ. ಶೆಡ್ಡನ್ನು ನಡೆಸುತ್ತಿದ್ದವಳು ಒಬ್ಬ ಗಟ್ಟಿಗಿತ್ತಿ. ಅವಳನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಸಹ. ಎರಡನೆಯದು ರೈಲು ಗೇಟಿನ ಹತ್ತಿರದ ಸಣ್ಣ ಶೆಡ್ಡು. ಅದರ ಯಜಮಾನರು ತಾಂತ್ರಿಕ ಶಾಲೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಕೆಲಸಕ್ಕಿದ್ದ ಒಂಬತ್ತು ಜನವೂ ಅವರ ಹಳೇ ಶಿಷ್ಯರೇ. ಮೂರನೆಯದು ಸೇತುವೆಯಾಚೆಯದು. ಅದರ ಸಾಹುಕಾರ ಎದ್ದು ಕೂರುವುದಕ್ಕೂ ನಾಳೆ ನೋಡೋಣ ಅನ್ನುವಂಥ ಆಸಾಮಿ. ಪ್ರತಿ ಅರ್ಧವರ್ಷಕ್ಕೊಮ್ಮೆ ಇಲಾಖೆ ಮೂರನ್ನೂ ಸಾಲಾಗಿ ನಿಲ್ಲಿಸಿ, ಕೊನೆಯಲ್ಲಿ ನಿಂತವರಿಗೆ ಎಚ್ಚರಿಕೆಯ ಪತ್ರ ಕಳಿಸುತ್ತಿತ್ತು. ಅದು ತಪ್ಪದೆ ಸೇತುವೆಯಾಚೆಗೇ ಹೋಗುತ್ತಿತ್ತು. ಆ ವರ್ಷ ನಿಯಮ ಬಿಗಿಯಾಗಿ, ಕೊನೆಯವರಿಗೆ ಪತ್ರದ ಬದಲು ಒಂದು ವರ್ಷ ಸಬ್ಸಿಡಿಯೂ ಇಲ್ಲ, ಫ್ರಿಜ್ಜೂ ಇಲ್ಲ ಎಂದು ಹೊಸ ಸುತ್ತೋಲೆ ಬಂತು.

ಅರ್ಧವರ್ಷ ಮುಗಿಯುವುದಕ್ಕೆ ವಾರವಿದ್ದಾಗ ತಕ್ಕಡಿಯಮ್ಮ ಕಾಲುವೆ ರಸ್ತೆಯ ಶೆಡ್ಡಿಗೆ ಹೋದಳು. ಗೋಡೆಗೆ ಒರಗಿಸಿದ ಮೂರು ಸಿಲಿಂಡರ್ ತೂಕಕ್ಕೆ ಸಿದ್ಧವಾಗಿದ್ದವು. ತೂಕ ಸರಿಯಾಗಿತ್ತು, ಸ್ವಲ್ಪ ಹೆಚ್ಚೇ ಸರಿಯಾಗಿತ್ತು. ಅವಳ ಪದ್ಧತಿಯಂತೆ ಒಂದರ ಬಾಯಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಒಳಗಿರುವುದು ಆ ಗ್ಯಾಸೇ ಆದರೆ ಹೊರಗೆ ಬರುತ್ತಿದ್ದ ಹಾಗೇ ಹಿತ್ತಾಳೆಯ ಬಾಯಿ ಮಂಜುಗಟ್ಟಬೇಕು, ಬಿಳಿ ಹಿಮ ಕೂರಬೇಕು, ಬೆರಳಿಟ್ಟರೆ ಚುರ್ ಅನ್ನಬೇಕು. ಅಂದು ಬುಸ್ಸೆಂದು ಸದ್ದೇನೋ ಬಂತು. ಬೆರಳಿಟ್ಟಳು. ಚಳಿಯಿಲ್ಲ. ಇನ್ನೊಂದು ಸಲ ತಿರುಗಿಸಿದಾಗ ಒಂದು ತೊಟ್ಟು ನೀರು ಬೆರಳ ತುದಿಗೆ ಬಂದು ನಿಂತಿತು. ನೀರು ತುಂಬಿ, ಮೇಲೆ ಗಾಳಿ ಒತ್ತಿದ್ದರು.

ತಲೆ ಎತ್ತಿದರೆ ಎದುರಿಗೆ ಚಿಕ್ಕಮ್ಮ. ಬಚ್ಚಿಡುವ ಯತ್ನವನ್ನೂ ಅವಳು ಮಾಡಲಿಲ್ಲ. ಪಂಪು ಕೆಟ್ಟು ಆರು ವಾರವಾಗಿತ್ತಂತೆ. ಬಿಡಿಭಾಗ ಕಳಿಸಿ ಎಂದು ಮಾಲೀಕನಿಗೆ ಹನ್ನೊಂದು ಸಲ ಫೋನು ಮಾಡಿದ್ದಳಂತೆ. ಲಾರಿಗಳು ಮಾತ್ರ ಫ್ರಿಜ್ಜು ತಂದು ಸುರಿಯುತ್ತಲೇ ಇದ್ದವು. ಅಂಗಳ ತುಂಬಿ, ರಸ್ತೆಗೆ ಚಾಚಿ, ಕೊನೆಗೆ ಬೇರೆ ದಾರಿಯಿಲ್ಲದೆ ಕೊಳವೆ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಟ್ಟರಂತೆ. ಪಂಪು ಈಗ ರಿಪೇರಿಯಾಗಿತ್ತು. ಮುಂದಿನ ತಿಂಗಳಿಂದ ಎಲ್ಲ ಸರಿಹೋಗುತ್ತದೆ, ನೀರು ಚೆಲ್ಲಿ ನಿಜವಾದ ಗ್ಯಾಸು ತುಂಬುತ್ತೇವೆ ಎಂದಳು.

"ಅಳತೆ ಕಮ್ಮಿ ಬಂದ್ರೆ ಮಾಲೀಕ ಶೆಡ್ ಮುಚ್ತಾನೆ. ಅವನಿಗೇನೂ ನಷ್ಟ ಇಲ್ಲ, ಇನ್ನೊಂದು ಕಡೆ ತೆಗೀತಾನೆ. ಮನೆಗೆ ಹೋಗೋರು ಇವರು," ಎಂದು ಹಿಂದೆ ತಿರುಗಿ ತೋರಿಸಿದಳು.

ಹಿಂದೆ ಮೂವತ್ತು ಹೆಂಗಸರು ತಲೆ ತಗ್ಗಿಸಿ ಸ್ಕ್ರೂ ಬಿಚ್ಚುತ್ತಿದ್ದರು. ಯಾರೂ ಇತ್ತ ನೋಡುತ್ತಿರಲಿಲ್ಲ. ಎಲ್ಲರ ಕಿವಿಯೂ ಇತ್ತಲೇ ಇತ್ತು. ತಕ್ಕಡಿಯಮ್ಮನಿಗೆ ತನ್ನ ತಾಯಿಯ ನೆನಪಾಯಿತು. ನೂಲಿನ ಗಿರಣಿಯಿಂದ ಒಂದು ದಿನ ತಾಯಿ ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಅದನ್ನು ಅಲ್ಲೇ ನೆಲದ ಮೇಲಿಟ್ಟು, ನಾಳೆಯಿಂದ ಹೋಗುವಂತಿಲ್ಲ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೇಗೂ ಕೊನೆಯ ಸ್ಥಾನ ಸೇತುವೆಯಾಚೆಯವನದು; ನಾನು ಇದಕ್ಕೆ ಸಹಿ ಹಾಕಿದರೆ ಯಾರ ಗಂಟು ಹೋಗುತ್ತದೆ? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೀಗೆ ಲೆಕ್ಕ ಹಾಕಿ ಅವಳು ಬೆರಳಿನ ನೀರನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಹೊರಡುವಾಗ ಚಿಕ್ಕಮ್ಮ ಕೈ ಮುಗಿಯಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಸುಮ್ಮನೆ ಗೇಟಿನವರೆಗೆ ಪೆಟ್ಟಿಗೆ ಹೊತ್ತು ತಂದಳು.

ತಕ್ಕಡಿಯಮ್ಮ ಇದ್ದದ್ದು ಅಕ್ಕನ ಜೊತೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು; ಬಾಯಿ ಸೂಜಿಗಿಂತ ಚೂಪು. ಮದುವೆಯಾಗದ ಅಕ್ಕತಂಗಿಯರು ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೆ ಒಬ್ಬರ ಮೌನ ಇನ್ನೊಬ್ಬರಿಗೆ ಬಾಯಿಪಾಠ. ಆ ಸಂಜೆ ತಂಗಿ ಎರಡು ಸಲ ಕೈ ತೊಳೆದದ್ದನ್ನು ಅಕ್ಕ ನೋಡಿದಳು.

ಹದಿನೈದು ದಿನಕ್ಕೆ ಪಟ್ಟಿ ಬಂತು. ಸೇತುವೆಯಾಚೆಯವನು ಮೊದಲನೆಯವನಾಗಿದ್ದ. ಸಾಹುಕಾರನ ಅಳಿಯ ಮನೆಗೆ ಬಂದವನೇ ಮಾವನನ್ನು ಕುರ್ಚಿಯ ಸಮೇತ ಪಕ್ಕಕ್ಕೆ ಸರಿಸಿ, ಹೊಸ ಪಂಪು ತರಿಸಿ, ಮೂರೇ ತಿಂಗಳಲ್ಲಿ ಶೆಡ್ಡಿನ ಚಹರೆಯನ್ನೇ ಬದಲಿಸಿದ್ದ. ಅಲ್ಲಿಯ ತೂಕವನ್ನೂ ಹಾಕಿದವಳು ಅವಳೇ. ಆದರೆ ಒಂದೊಂದು ತಿಂಗಳದ್ದನ್ನು ಬಿಡಿಬಿಡಿಯಾಗಿ ನೋಡಿದ್ದಳೇ ಹೊರತು ಕೂಡಿಸಿ ನೋಡಿರಲಿಲ್ಲ. ಎರಡನೆಯ ಸ್ಥಾನ ಕಾಲುವೆ ರಸ್ತೆಯವರಿಗೆ. ಕೊನೆಗೆ ಉಳಿದವರು ಮೇಷ್ಟ್ರು. ಫ್ರಿಜ್ಜಿಗೆ ನಾಲ್ಕು ಗ್ರಾಂ ಕಡಿಮೆ.

ಪಟ್ಟಿಯ ಕೆಳಗೆ ಅವಳ ಹೆಸರಿಗೇ ಆದೇಶವಿತ್ತು. ಮೇಷ್ಟ್ರ ಪಂಪಿಗೆ ಸೀಲು ಹಾಕಿ ಬರಬೇಕು.

ಅವಳು ಹೋದಾಗ ಒಂಬತ್ತು ಜನವೂ ಕೆಲಸ ನಿಲ್ಲಿಸಿ ಸಾಲಾಗಿ ನಿಂತರು, ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ನಿಲ್ಲುವ ಹಾಗೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪತ್ರವನ್ನು ಎರಡು ಸಲ ಓದಿದರು. ಯಾರಾದರೂ ಕೂಗಾಡಿದ್ದರೆ ಅವಳಿಗೆ ಅಷ್ಟರಮಟ್ಟಿಗೆ ಸಲೀಸಾಗುತ್ತಿತ್ತು. ಮೇಷ್ಟ್ರು ಪತ್ರ ಮಡಚಿ ಜೇಬಿಗಿಟ್ಟುಕೊಂಡು, ಪಂಪಿನ ಮೇಲಿನ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿ, ಸೀಲು ಹಚ್ಚುವುದಕ್ಕೆ ಜಾಗ ಮಾಡಿಕೊಟ್ಟರು.

"ತೂಕ ನಿಮ್ಮದು ಅಂದ ಮೇಲೆ ಅನುಮಾನ ಇಲ್ಲ ಬಿಡಿ. ನಮ್ಮಲ್ಲೇ ಎಲ್ಲೋ ಸೋರಿರ್ಬೇಕು," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದಿಯದವರು ಹೆಗಲು ಮುಟ್ಟಿಕೊಳ್ಳುತ್ತಿದ್ದರು, ಕದ್ದವಳು ಸೀಲು ಒತ್ತುತ್ತಿದ್ದಳು. ಅರಗು ಆರುವವರೆಗೂ ಅಲ್ಲಿ ನಿಲ್ಲಬೇಕಿತ್ತು. ಆ ಎರಡು ನಿಮಿಷ ಅವಳು ಯಾರ ಮುಖವನ್ನೂ ನೋಡದೆ ನೆಲದ ಮೇಲಿನ ತಾಮ್ರದ ಚೂರುಗಳನ್ನು ನೋಡುತ್ತಿದ್ದಳು.

ಅಂದಿನಿಂದ ಆಫೀಸಿನಲ್ಲಿ ಯಾರಾದರೂ ಅವಳ ಪ್ರಾಮಾಣಿಕತೆಯ ಮಾತೆತ್ತಿದರೆ ಕಡತ ಹುಡುಕುವ ನೆಪದಲ್ಲಿ ಏಳುವಳು. ಹೊಸದಾಗಿ ಸೇರಿದ ಗುಮಾಸ್ತೆಗೆ ಮೇಲಧಿಕಾರಿಗಳು ಇವಳನ್ನು ತೋರಿಸಿ, ಕೆಲಸ ಕಲಿಯುವುದಿದ್ದರೆ ಇವರಿಂದ ಕಲಿ ಎಂದಾಗ ಅವಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಾಲುವೆ ರಸ್ತೆಯವರು ಆಡಿದ ಮಾತು ಉಳಿಸಿಕೊಂಡಿದ್ದರು. ಮುಂದಿನ ತಿಂಗಳು ಹೋದಾಗ ಸಿಲಿಂಡರಿನ ಬಾಯಿಯಲ್ಲಿ ಬೆಳ್ಳಗೆ ಹಿಮ ಕಟ್ಟಿತು, ಬೆರಳು ಚುರ್ ಎಂದಿತು. ನೀರಿನ ಗುರುತೂ ಉಳಿದಿರಲಿಲ್ಲ. ಇನ್ನು ಈ ಸಂಗತಿ ಅವಳೋ ಶೆಡ್ಡಿನವರೋ ಬಾಯಿಬಿಟ್ಟರಷ್ಟೇ ಲೋಕಕ್ಕೆ ಗೊತ್ತಾಗುವಂಥದ್ದು. ನೆಮ್ಮದಿ ತರಬೇಕಾದ ಆ ವಿಚಾರವೇ ಅವಳಿಗೆ ಬಾಯಲ್ಲಿಟ್ಟ ಬಿಸಿತುಪ್ಪವಾಯಿತು.

ತಿಂಗಳ ಮೇಲೆ, ಸೀಲು ಒಡೆದಿಲ್ಲವಷ್ಟೇ ಎಂದು ನೋಡಿ ಬರುವುದಕ್ಕೆ ಮೇಷ್ಟ್ರ ಶೆಡ್ಡಿಗೆ ಹೋಗಬೇಕಾಯಿತು. ಬಾಗಿಲು ತೆರೆದೇ ಇತ್ತು. ಎಪ್ಪತ್ತು ದಾಟಿದ ಮನುಷ್ಯ ನೆಲದ ಮೇಲೆ ಅಂಗಾತ ಮಲಗಿ, ಕೊಳವೆಗಳಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಒಂದೊಂದೇ ಕೀಲಿಗೆ ಬ್ರಶ್ಶಿನಿಂದ ಸೋಪಿನ ನೀರು ಹಚ್ಚುತ್ತಿದ್ದರು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ಅರ್ಥ. ನೂರಾ ನಲವತ್ತು ಕೀಲಿನಲ್ಲಿ ನೂರಾ ಹತ್ತು ನೋಡಿಯಾಗಿತ್ತಂತೆ. ಒಂದೂ ಗುಳ್ಳೆ ಎದ್ದಿರಲಿಲ್ಲ. ಒಬ್ಬರೇ ಇದ್ದರು.

ಉಳಿದವರೆಲ್ಲ ಎಲ್ಲಿ ಎಂದು ಅವಳು ಕೇಳಿದಳು. ಕೆಲವರಿಗೆ ಬೇರೆ ಕೆಲಸ ಸಿಕ್ಕಿತ್ತು, ಕೆಲವರು ಹುಡುಕುತ್ತಿದ್ದರು. ಎಡಚನ ವಿಷಯಕ್ಕೆ ಬಂದಾಗ ಮಾತ್ರ ಅವರು ಬ್ರಶ್ಶನ್ನು ಡಬ್ಬಿಗೆ ಹಾಕಿ ಎದ್ದು ಕೂತರು. ಎಡಚ ಎಂದರೆ ಅವರ ಶಿಷ್ಯರಲ್ಲೆಲ್ಲ ಮೇಲಾದವನು. ಈಗ ನಲವತ್ತು ದಾಟಿದವನು, ಎಡಗೈಯಲ್ಲಿ ಕೂದಲಿಗೆ ಕೂದಲು ಬೆಸೆಯಬಲ್ಲವನು. ಗ್ಯಾಸು ಎಳೆಯುವುದು ಅವನ ಕೆಲಸವಾಗಿತ್ತು. ಯಂತ್ರ ಸೋರದಿದ್ದರೆ ಕೈಯೇ ಸೋರಿರಬೇಕು ಎಂದು ಮೇಷ್ಟ್ರು ಅವನನ್ನು ಕೇಳಿದ್ದರು. ಅವನು ಇಲ್ಲ ಎಂದ. ಮಾತಿಗೆ ಮಾತು ಬೆಳೆದು, ಹೊರಗೆ ರಿಪೇರಿಯವರಿಗೆ ಗ್ಯಾಸು ಮಾರಿಕೊಂಡೆಯಾ ಎಂದುಬಿಟ್ಟರು. ಇಪ್ಪತ್ತೈದು ವರ್ಷ ಜೊತೆಗಿದ್ದವನು ತನ್ನ ಸ್ಪ್ಯಾನರುಗಳನ್ನೂ ತೆಗೆದುಕೊಳ್ಳದೆ ಹೊರಟುಹೋಗಿದ್ದ.

"ಮನೆಗೆ ಹೋದ್ರೆ ಬಾಗಿಲು ತೆಗೀಲಿಲ್ಲ," ಎಂದರು ಮೇಷ್ಟ್ರು. "ತಪ್ಪು ಮಾಡಿದ್ದಕ್ಕೆ ನಾಚಿಕೆ ಇರ್ಬೇಕು."

ತಕ್ಕಡಿಯಮ್ಮ ಸೀಲು ಸರಿಯಾಗಿದೆ ಎಂದು ಬರೆದುಕೊಂಡು ಹೊರಗೆ ಬಂದು, ರೈಲು ಗೇಟು ಮುಚ್ಚಿದ್ದರಿಂದ ಅಲ್ಲೇ ನಿಂತಳು. ರೈಲು ಹೋಯಿತು, ಗೇಟು ತೆರೆಯಿತು, ಜನ ದಾಟಿದರು, ಮತ್ತೆ ಗೇಟು ಮುಚ್ಚಿತು. ಅವಳು ಇನ್ನೂ ಅಲ್ಲೇ ನಿಂತಿದ್ದಳು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಬಟಾಣಿ ಬಿಡಿಸುತ್ತಾ ಕೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಲ್ಲೇ ಎಂದಳು. ಆಮೇಲೆ ಆಸ್ಪತ್ರೆಯಲ್ಲಿ ತಪ್ಪು ಔಷಧಿ ಕೊಟ್ಟವರು ಎರಡು ಬಗೆ ಇರುತ್ತಾರೆ ಎಂದಳು. ಕೂಡಲೇ ಹೇಳುವವರು, ಕಾದು ನೋಡುವವರು. "ಕಾದು ನೋಡೋರೆಲ್ಲ ಕೆಟ್ಟೋರಲ್ಲ. ಆದ್ರೆ ಕಾಯೋದು ಅವರಲ್ಲ, ಹಾಸಿಗೆ ಮೇಲಿರೋನು."

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗದೆ ನೇರ ಮೇಷ್ಟ್ರ ಶೆಡ್ಡಿಗೆ ಹೋದಳು. ಅವರು ನೂರಾ ಮೂವತ್ತೊಂದನೆಯ ಕೀಲಿನಲ್ಲಿದ್ದರು. ಅವಳು ನಿಂತುಕೊಂಡೇ ಹೇಳಿದಳು. ಪಂಪು ಕೆಟ್ಟದ್ದು, ನೀರು, ಬೆರಳಿಗೆ ತಾಕದ ಚಳಿ, ಸಹಿ. ಅಮ್ಮನ ಊಟದ ಡಬ್ಬಿಯ ಮಾತನ್ನು ಹೇಳಲಿಲ್ಲ. ಅದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ ಅನ್ನಿಸಿತು.

ಮೇಷ್ಟ್ರು ಬಹಳ ಹೊತ್ತು ಬ್ರಶ್ಶನ್ನೇ ನೋಡುತ್ತಿದ್ದರು. ಸೋಪಿನ ನೀರು ತೊಟ್ಟಿಕ್ಕಿ ಅವರ ಪಂಚೆಯ ಮೇಲೆ ಬೀಳುತ್ತಿತ್ತು.

"ಹಾಗಾದ್ರೆ ನಮ್ಮದು ಸೋರಿರ್ಲಿಲ್ಲ."

"ಇಲ್ಲ."

"ಅವನ ಕೈಯೂ."

"ಇಲ್ಲ ಮೇಷ್ಟ್ರೇ."

ಅವರು ಬೈಯಲಿಲ್ಲ. ಶೆಡ್ಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎದ್ದು, ಮೂಲೆಯ ಮೊಳೆಗೆ ನೇತುಹಾಕಿದ್ದ ಎಡಚನ ಸ್ಪ್ಯಾನರಿನ ಚೀಲ ಇಳಿಸಿ ಅವಳ ಕೈಗೆ ಕೊಟ್ಟರು. "ನನಗೆ ಹೇಳಿದ್ದನ್ನ ಅವನಿಗೆ ಹೇಳಿ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾರೆ ಅಂತಾನೆ. ಆಮೇಲೆ ಬರವಣಿಗೆಯಲ್ಲಿ ಕೊಡಿ. ಮಾತಿನಲ್ಲಿ ಕಳ್ಳ ಅಂದಿದ್ದನ್ನ ಮಾತಿನಲ್ಲಿ ಅಳಿಸೋಕಾಗಲ್ಲ."

ಎಡಚ ಬಾಗಿಲು ತೆರೆದ. ಹೊಸ್ತಿಲಲ್ಲೇ ನಿಲ್ಲಿಸಿಕೊಂಡು ಕೇಳಿದ, ಚೀಲ ತೆಗೆದುಕೊಂಡ, ಬಾಗಿಲು ಹಾಕಿಕೊಂಡ.

ಅಂದೇ ಮಧ್ಯಾಹ್ನ ಅವಳು ಮೂರು ಪುಟದ ಹೇಳಿಕೆ ಬರೆದು ಮೇಲಧಿಕಾರಿಗಳ ಮೇಜಿನ ಮೇಲಿಟ್ಟಳು. ಅವರು ಓದಿ, ಪುಟಗಳನ್ನು ಅವಳ ಕಡೆಗೇ ತಳ್ಳಿದರು. ಸಿಲಿಂಡರಿನಲ್ಲಿ ಈಗ ನೀರಿಲ್ಲ, ಸಾಕ್ಷಿಯಿಲ್ಲ, ಯಾರೂ ದೂರು ಕೊಟ್ಟಿಲ್ಲ. ಇದನ್ನು ಹಿಂತೆಗೆದುಕೊಂಡರೆ ಇಬ್ಬರೂ ಮರೆತುಬಿಡಬಹುದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳು ಪುಟಗಳನ್ನು ಮತ್ತೆ ಅವರ ಕಡೆಗೆ ಸರಿಸಿದಳು. ಸತ್ಯವನ್ನು ಪೂರ್ತಿ ಹೇಳಬೇಕೆಂಬ ಹಟದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾರು ಏನೆಂದರು ಎಂಬುದೆಲ್ಲ ಅದರಲ್ಲಿತ್ತು. ಚಿಕ್ಕಮ್ಮ ಆಡಿದ ಮಾತು ಅಕ್ಷರಕ್ಕಕ್ಷರ ಇತ್ತು.

ತಕ್ಕಡಿಯಮ್ಮ ಅಮಾನತ್ತಾದಳು. ಕಾಲುವೆ ರಸ್ತೆಯ ಶೆಡ್ಡಿಗೆ ತನಿಖೆ ಬಂತು, ಸಬ್ಸಿಡಿ ತಡೆಹಿಡಿದರು, ಮಾಲೀಕ ಮೂರು ತಿಂಗಳು ಬೀಗ ಜಡಿದ. ತನಿಖೆಯವರ ಮುಂದೆ ಅವನು ಇವಳ ಹೇಳಿಕೆಯ ಪ್ರತಿಯನ್ನೇ ಹಿಡಿದು, ನನಗೇನೂ ಗೊತ್ತಿಲ್ಲ, ಎಲ್ಲ ಆ ಹೆಂಗಸಿನ ಕಿತಾಪತಿ ಎಂದು ಚಿಕ್ಕಮ್ಮನ ಮೇಲೆ ಹಾಕಿ ಕೈ ತೊಳೆದುಕೊಂಡ. ಬೀಗ ತೆರೆದಾಗ ಇಪ್ಪತ್ತೆರಡು ಜನ ಕೆಲಸಕ್ಕೆ ಬಂದರು. ಎಂಟು ಜನ ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಚಿಕ್ಕಮ್ಮನನ್ನು ಮಾತ್ರ ಗೇಟಿನೊಳಗೆ ಬಿಡಬಾರದೆಂದು ಬೋರ್ಡೇ ಹಾಕಿದ್ದರು.

ಮೇಷ್ಟ್ರ ಪಂಪಿನ ಸೀಲನ್ನು ಬೇರೊಬ್ಬರು ಬಂದು ಒಡೆದರು. ಆರು ಜನ ಹಿಂದಿರುಗಿದರು. ಎಡಚನೂ ಬಂದ. ಆದರೆ ಮೇಷ್ಟ್ರ ಜೊತೆ ಅವನು ಮಾತಾಡುವುದಿಲ್ಲವಂತೆ. ಹೇಳಿದ ಕೆಲಸ ಮಾಡುತ್ತಾನೆ, ಸಂಜೆ ಪ್ರತಿ ಸಿಲಿಂಡರಿನ ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದು ಹೋಗುತ್ತಾನೆ. ಮೇಷ್ಟ್ರು ಅದನ್ನು ಅಳಿಸುವುದಿಲ್ಲ. ಇದನ್ನು ಅವಳಿಗೆ ಹೇಳಿದವರು ಮೇಷ್ಟ್ರೇ. ಹೇಳುವಾಗ ಅವರ ದನಿಯಲ್ಲಿ ಅವಳ ಮೇಲೆ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಚಿಕ್ಕಮ್ಮನನ್ನು ಹುಡುಕುವುದಕ್ಕೆ ಎರಡು ವಾರ ಹಿಡಿಯಿತು. ಅವಳು ಒಂದು ದೊಡ್ಡ ಹೋಟೆಲಿನ ಹಿಂಭಾಗದಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದಳು. ನೆಲಮಾಳಿಗೆಯ ಕೋಣೆ, ನಾಲ್ಕು ಯಂತ್ರಗಳು ಒಟ್ಟಿಗೆ ಸುತ್ತುತ್ತಿದ್ದವು, ಆವಿಗೆ ಗೋಡೆಯ ಬಣ್ಣ ಸುಲಿದಿತ್ತು. ತಕ್ಕಡಿಯಮ್ಮನನ್ನು ನೋಡಿ ಅವಳು ಕೈ ನಿಲ್ಲಿಸಲಿಲ್ಲ.

ತಕ್ಕಡಿಯಮ್ಮ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅಲ್ಲಿ ನಿಂತಾಗ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ನನ್ನಿಂದ ಹೀಗಾಯಿತು ಎಂದಷ್ಟೇ ಅಂದಳು.

"ನಿಮ್ಮಿಂದ ಅಂತ ಯಾಕೆ," ಎಂದಳು ಚಿಕ್ಕಮ್ಮ. "ನೀರು ತುಂಬಿದೋಳು ನಾನು. ನಾನು ಕೇಳ್ದೆ, ನೀವು ಕೊಟ್ರಿ. ನೀವು ಹೋಗಿ ಹೇಳಿದ್ದಕ್ಕೂ ನನಗೆ ಸಿಟ್ಟಿಲ್ಲ. ಆ ಮೇಷ್ಟ್ರ ವಿಷಯ ಗೊತ್ತಾಗಿದ್ರೆ ನಾನೇ ಹೇಳ್ತಿದ್ನೋ ಏನೋ." ಒದ್ದೆ ಬಟ್ಟೆಯನ್ನು ಬುಟ್ಟಿಗೆ ಎಳೆದು ಹಾಕಿದಳು. "ಆದ್ರೆ ಬರೆಯೋ ಮೊದಲು ನನ್ನ ಹತ್ರ ಬಂದು ಒಂದು ಮಾತು ಹೇಳ್ಬೇಕಿತ್ತು. ಮೇಷ್ಟ್ರ ಶೆಡ್ಡಿಗೆ ಹೋದ್ರಿ, ಅವರ ಶಿಷ್ಯನ ಮನೆಗೆ ಹೋದ್ರಿ. ನಮ್ಮ ಮನೆ ದಾರಿ ಗೊತ್ತಿರ್ಲಿಲ್ವಾ?"

ನಿಜ ಹೇಳಬೇಕೆಂದರೆ ಆ ದಿನ ತಕ್ಕಡಿಯಮ್ಮನಿಗೆ ಚಿಕ್ಕಮ್ಮನ ನೆನಪೇ ಆಗಿರಲಿಲ್ಲ. ತನ್ನ ಎದೆಯ ಭಾರ ಇಳಿಸಿಕೊಳ್ಳುವ ಅವಸರದಲ್ಲಿ, ಅದನ್ನು ಯಾರ ತಲೆಯ ಮೇಲೆ ಇಳಿಸುತ್ತಿದ್ದೇನೆ ಎಂದು ನೋಡಿರಲಿಲ್ಲ. ಮೊದಲ ತಪ್ಪು ಕನಿಕರದಿಂದ ಆದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು. ಈ ಎರಡನೆಯದಕ್ಕೆ ಹಾಗೆ ಹೇಳಿಕೊಳ್ಳುವುದಕ್ಕೂ ಏನೂ ಇರಲಿಲ್ಲ. ಅದನ್ನೇ ಹೇಳಿದಳು. ನಿನ್ನ ನೆನಪಾಗಲಿಲ್ಲ ಎಂದಳು.

ಚಿಕ್ಕಮ್ಮ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದಳು. ಒಣಗಿಸುವ ಯಂತ್ರ ನಿಂತಿತು. ಒಣಗಿದ ಬಟ್ಟೆಗಳ ರಾಶಿಯನ್ನು ಮೇಜಿಗೆ ಹಾಕಿ ಒಂದರ ಎರಡು ಮೂಲೆ ಹಿಡಿದುಕೊಂಡಳು. ಇನ್ನೆರಡು ಮೂಲೆ ನೆಲಕ್ಕೆ ಜೋಲುತ್ತಿದ್ದವು. ಜೊತೆಗಾತಿ ಅಂದು ರಜೆಯಂತೆ.

ತಕ್ಕಡಿಯಮ್ಮ ಚೀಲವನ್ನು ಗೋಡೆಗೆ ಒರಗಿಸಿ, ಆ ಎರಡು ಮೂಲೆ ಎತ್ತಿ ಹಿಡಿದಳು. ಬಟ್ಟೆ ಇನ್ನೂ ಬಿಸಿಯಾಗಿತ್ತು. ಅವಳು ಮಡಿಸಿದ್ದು ಸೊಟ್ಟಗಾಯಿತು. ಚಿಕ್ಕಮ್ಮ ಬಿಚ್ಚಿ ಮತ್ತೆ ಹಿಡಿಸಿದಳು, ಹೀಗಲ್ಲ, ಮೊದಲು ಅಗಲಕ್ಕೆ ಎಂದಳು. ಆ ರಾಶಿ ಮುಗಿಯುವವರೆಗೆ ಇಬ್ಬರೂ ಹಾಗೇ ಮಡಿಸಿದರು.